ಜುಬ್ಬದ ಒಳಮೈ

ಒಂಟಿಯಾಗಿರುವವನ ಮನೆಯಲ್ಲಿ ಕನ್ನಡಿ ಇದ್ದರೂ ಅಷ್ಟೇನೂ ಪ್ರಯೋಜನವಿಲ್ಲ. ಅದು ತಾನಾಗಿ ಬಾಯಿ ಬಿಡುವುದಿಲ್ಲ. ಆ ದಿನ ಪೆನ್ನು ಸಿಕ್ಕಿಸಲು ಹೋದರೆ ಹೊಸ ಜುಬ್ಬದಲ್ಲಿ ಜೇಬೇ ಸಿಗಲಿಲ್ಲ. ಅಂಗಡಿಯವನನ್ನು ಬೈದುಕೊಳ್ಳುತ್ತಲೇ ಜಗಳೂರಿನ ಬೀದಿಯುದ್ದಕ್ಕೂ ನಡೆದು ಕಾಲೇಜು ಸೇರಿದೆ. ದಾರಿಯಲ್ಲಿ ನಾಲ್ಕಾರು ಜನ ನಮಸ್ಕಾರ ಹೇಳಿದರು. ಅದರಾಚೆಗೆ ಯಾರೂ ಏನೂ ಹೇಳಲಿಲ್ಲ.

ದ್ವಿತೀಯ ಪಿಯು ಕ್ಲಾಸಿನಲ್ಲಿ ಸೊಕ್ಕೆ ಊರಿನ ರೇಣುಕಾ ಎದ್ದು ನಿಂತಳು. "ಸಾ, ಜುಬ್ಬ ಉಲ್ಟಾ ಹಾಕ್ಕಂಡು ಬಂದೀರಿ."

ಕ್ಲಾಸು ಹೋ ಎಂದಿತು. ನಾನು ಅರ್ಥಶಾಸ್ತ್ರದ ಮೇಷ್ಟ್ರು. ಇದ್ದಷ್ಟು ಮಾನವನ್ನು ಉಳಿಸಿಕೊಳ್ಳುವುದೂ ಅರ್ಥಶಾಸ್ತ್ರವೇ. "ಬೇಕಂತಲೇ ಹಾಕಿಕೊಂಡೆ. ಇವತ್ತು ಶ್ರಮ ವಿಭಜನೆಯ ಪಾಠ, ಹೊಲಿಗೆ ನೋಡಿ" ಎಂದೆ. ಯಾರೂ ನಂಬಲಿಲ್ಲ. ರೇಣುಕಾ ಮಾತ್ರ ಹತ್ತಿರ ಬಂದು ನಿಜವಾಗಿಯೂ ನೋಡಿದಳು.

"ನಮ್ಮಕ್ಕ ಬೆಂಗ್ಳೂರಾಗೆ ಗಾರ್ಮೆಂಟ್ಸ್‌ನಾಗೆ ಇದೇ ಮಾಡಾದು ಸಾ, ದಿನಾ ಬರೀ ತೋಳು ಕೂಡ್ಸಾದು. ಎದ್ದು ಹೋಗಾಕೆ ಸೂಪರ್‌ವೈಸರ್‌ನ ಕೇಳ್ಬೇಕು, ಬೈತಾರೆ. ಅದ್ಕೇ ನೀರೇ ಕುಡಿಯಲ್ಲ. ಈಗ ಉರಿಮೂತ್ರ ಹಿಡ್ಕಂಡೈತೆ. ಪರೀಕ್ಷೆ ಮುಗುದ್ರೆ ನಾನೂ ಅಲ್ಲಿಗೇ."

ನಗು ನಿಂತಿತು. ಶ್ರಮ ವಿಭಜನೆಯಿಂದ ಉತ್ಪಾದನೆ ಹೆಚ್ಚುತ್ತದೆ ಎಂದು ವರ್ಷವರ್ಷವೂ ಬರೆಸಿದ್ದೇನೆ. ಬಾಯಾರಿಕೆ ಯಾರ ಪಾಲಿಗೆ ಎಂದು ನಾನೂ ಕೇಳಿರಲಿಲ್ಲ, ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ.

ಮರುದಿನ ಕಾರ್ಮಿಕ ಕಾನೂನಿನ ಪುಸ್ತಕ ಒಯ್ದೆ. ಕುಡಿಯುವ ನೀರು, ಶೌಚಾಲಯ, ಕೆಲಸದ ಹೊತ್ತು, ಎಲ್ಲವೂ ಅದರಲ್ಲಿತ್ತು. "ಪುಸ್ತಕದಾಗೇನೋ ಐತೆ ಸಾ, ನಮ್ಮ ಬಾಯಾಗೆ ಬರಬೇಕಲ್ಲ. ಕೇಳಾದು ಹೆಂಗೆ?" ಎಂದಳು ರೇಣುಕಾ. ಸ್ಟಾಫ್ ರೂಮಿನ ಮುರುಕು ಕುರ್ಚಿ ಬದಲಿಸಿ ಎಂದು ಕೇಳಲಾರದೆ ಹತ್ತು ವರ್ಷದಿಂದ ಅದರ ಮೂರು ಕಾಲಿನ ಮೇಲೇ ಕೂತಿರುವವನು ನಾನು.

ಕೊನೆಗೆ ಮಕ್ಕಳೇ ಕ್ಲಾಸಿನಲ್ಲಿ ಕೇಳುವ ತಾಲೀಮು ಶುರು ಮಾಡಿದರು. ನಾನು ಸೂಪರ್‌ವೈಸರ್. ಮನೆಯಲ್ಲಿ ಬೈಯಲು ಒಂದು ಜೀವವೂ ಇಲ್ಲದೆ ನನಗೆ ಅಭ್ಯಾಸ ತಪ್ಪಿಹೋಗಿತ್ತು. "ಇನ್ನೂ ಜೋರಾಗಿ ಬೈರಿ ಸಾ" ಎಂದು ಅವರೇ ಕಲಿಸಿದರು. ನಾನು ಎಷ್ಟು ಬೈದರೂ ರೇಣುಕಾ, "ನೀರು ಕುಡ್ದು, ಹೋಗಿ ಬರ್ತೀನ್ರೀ" ಎನ್ನಬೇಕು. ಮೊದಲ ದಿನ ಅವಳ ಧ್ವನಿ ನಡುಗಿತು. ವಾರ ಕಳೆಯುವಷ್ಟರಲ್ಲಿ ನಡುಗುತ್ತಿದ್ದದ್ದು ನನ್ನದು.

ಬೇಸಿಗೆಯಲ್ಲಿ ಅವಳು ಬೆಂಗಳೂರಿಗೆ ಹೋದಳು. ರಜೆಯಲ್ಲಿ ನನ್ನ ಎರಡು ಕೋಣೆಯ ಮನೆ ಬಲು ದೊಡ್ಡದಾಗುತ್ತದೆ. ಯಾರೂ ಮಾತಾಡಿಸದಿದ್ದರೂ ಫೋನನ್ನು ದಿನವೂ ಚಾರ್ಜ್ ಮಾಡುತ್ತಿದ್ದೆ. ಸುಮ್ಮನಿದ್ದರೆ ಅದಕ್ಕೂ ಸುಸ್ತಾಗುತ್ತದೆ. ನೀರಿನ ಲೋಟ ಎತ್ತಿದಾಗಲೆಲ್ಲ, ಆ ಹುಡುಗಿ ಕುಡಿದಳೋ ಇಲ್ಲವೋ ಎಂದು ಕಳವಳವಾಗುತ್ತಿತ್ತು.

ಒಂದು ಭಾನುವಾರ ಫೋನು ಬಡಿದುಕೊಂಡಿತು. "ಸಾ, ಕೇಳ್ದೆ. ಬೈದ್ರು. ನೀವು ಬೈದಷ್ಟೇನಿಲ್ಲ. ಎದ್ದು ಹೋದೆ. ಹಿಂದಕ್ಕೆ ತಿರುಗಿ ನೋಡ್ತೀನಿ, ಅಕ್ಕನೂ ಎದ್ದು ಬರ್ತಿದ್ಲು."

ನಾನೂ ಒಂದು ಲೋಟ ನೀರು ಕುಡಿದೆ. ಅವಳೇ ಕೇಳಿದಳು: "ಜುಬ್ಬ ನೆಟ್ಟಗೆ ಹಾಕ್ಕಂಡೀರೇನ್ ಸಾ?"

"ಹೂಂ" ಎಂದೆ. ಅವಳು ನಕ್ಕು ಫೋನಿಟ್ಟಳು. ಆಮೇಲೆ ನೋಡಿಕೊಂಡೆ. ನೆಟ್ಟಗೇ ಇತ್ತು. ಉಲ್ಟಾ ಇದ್ದಿದ್ದರೆ ಇನ್ನೊಂದು ಗಳಿಗೆ ಮಾತಾಡಬಹುದಿತ್ತಲ್ಲ ಎಂದು ಬೇಜಾರಾಯಿತು.