ಯಾರನ್ನೂ ಬಿಟ್ಟು ಬರಬ್ಯಾಡ್ರಿ

ಹೊಸ ಅರಿವೆಯ ಗಂಜಿ ವಾಸನೆ ಮೂಗಿಗೆ ಬಂದರೆ ಉಳಿದವರಿಗೆ ಹಬ್ಬ ನೆನಪಾಗುತ್ತದೆ. ನನಗೆ ಒಬ್ಬರ ಗಂಟಲು ನೆನಪಾಗುತ್ತದೆ. ಈ ಸಲ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಮುಂದೆ ಇಡಲು ತಂದ ಧೋತರದ ಮಡಿಕೆ ಬಿಚ್ಚಿದಾಗಲೂ ಹಾಗೇ ಆಯಿತು.

ಸವಣೂರಿನ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ರಕ್ತಸಂಬಂಧ ಏನಿಲ್ಲದಿದ್ದರೂ ಕಾಕಾ ಎನ್ನುತ್ತಿದ್ದೆವು. ಪೇಟೆಯ ಅರಿವೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ ಅವರದು. ಆಳು ಕಡ್ಡಿ, ದನಿ ಮಾತ್ರ ನಗಾರಿ. ಊರಿನ ಕೇಬಲ್ ಚಾನೆಲ್ಲಿನಲ್ಲಿ ಆ ಅಂಗಡಿಯ ಜಾಹೀರಾತು ಬರುತ್ತಿತ್ತು. ನಾಲ್ಕು ಸೀರೆ, ಒಂದು ಹಣತೆ, ಹಿಂದೆ ಕಾಕಾನ ದನಿ.

"ಬಂತು ಬಂತು ಹಬ್ಬ ಬಂತು! ಸಣ್ಣವರು ಬರ್ರಿ, ದೊಡ್ಡವರು ಬರ್ರಿ, ಮನಿಮಂದಿ ಎಲ್ಲಾರೂ ಬರ್ರಿ. ಯಾರನ್ನೂ ಬಿಟ್ಟು ಬರಬ್ಯಾಡ್ರಿ!"

ಅಮಾವಾಸ್ಯೆಯ ಸಂಜೆ ಹಿರಿಯರಿಗೆ ಎಡೆ ಹಿಡಿದು ಮುಗಿಸುವ ಹೊತ್ತಿಗೆ ಶುರುವಾದರೆ ದೀಪಾವಳಿ ಪಾಡ್ಯದವರೆಗೆ ಅದಕ್ಕೆ ಬಿಡುವಿಲ್ಲ. ರಂಜಾನಿಗೆ ಹಣತೆ ಹೋಗಿ ಚಂದ್ರ ಬರುತ್ತಿದ್ದ, ದನಿ ಅದೇ. ಪಂಚಾಂಗದಲ್ಲಿ ಏನೇ ಬರೆದಿರಲಿ, ಕಾಕಾ ಕೂಗಿದ ಮೇಲೆಯೇ ನಮ್ಮ ಓಣಿಗೆ ಹಬ್ಬ.

ಮೊದಲು ಬಂದದ್ದು ಕೆಮ್ಮು. ಆಮೇಲೆ ಬೆಳಗಿನ ಹೊತ್ತು ದನಿ ಒಡೆಯತೊಡಗಿತು. ತಂಬಾಕು ಬಿಡಿರೆಂದು ಕಾಕಿ ಹೇಳಿ ಹೇಳಿ ಸೋತಿದ್ದಳು. ಕಲ್ಲುಸಕ್ಕರೆ, ಮೆಣಸು, ಬಂಕಾಪುರದಿಂದ ಯಾರೋ ತಂದುಕೊಟ್ಟ ಕಷಾಯ... ಏನೂ ನಾಟಲಿಲ್ಲ. ನನ್ನನ್ನು ಕೂಗಿ ಕರೆಯುವಾಗ ಹೆಸರಿನ ನಡುವಿನ ಅಕ್ಷರ ಅವರ ಬಾಯಲ್ಲೇ ಉಳಿದುಬಿಡುತ್ತಿತ್ತು. ನಾವು ಮಕ್ಕಳು ನಗುತ್ತಿದ್ದೆವು. ಕಾಕಿ ನಗುತ್ತಿರಲಿಲ್ಲ.

ಅಪ್ಪನೇ ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಗಂಟಲಲ್ಲಿ ಗಡ್ಡೆ ಇದೆ, ತಡ ಮಾಡದೆ ಧ್ವನಿಪೆಟ್ಟಿಗೆ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರಂತೆ ಡಾಕ್ಟರು. ಶನಿ ಹೆಗಲೇರುವಾಗ ಒಂಟಿಯಾಗಿ ಬರುವುದಿಲ್ಲ ನೋಡಿ, ಅದೇ ಮಳೆಗಾಲದಲ್ಲಿ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಕಟ್ಟಡಕ್ಕೆ ಹೋಯಿತು. ಹೊಸ ಜಾಗ ಹೇಳುವ ಹೊಸ ಜಾಹೀರಾತು ಬೇಕಾಯಿತು. ಗಂಟಲು ಸರಿ ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಬೇರೆಯವರನ್ನು ಕರೆಸುತ್ತೇನೆ ಎಂದ ಸಾಹುಕಾರ. ಕಾಕಾನಿಗೆ ಅದೊಂದು ಮಾತು ಚುಚ್ಚಿಕೊಂಡಿತು.

"ಒಂದು ದಿನಾ ಗಂಟಲ ತಿಳಿ ಆಗ್ಲಿ, ಒಮ್ಮಿ ಹೇಳಿ ಬರ್ತೇನಿ. ಆಮ್ಯಾಲ ಏನ ಬೇಕಾದ್ರೂ ಕೊಯ್ಲಿ," ಎಂದರು.

"ಸುಡ್ಲಿ ಆ ದನಿ, ನೀವು ಉಳದ್ರ ಸಾಕ್ರಿ," ಎಂದು ಕಾಕಿ ಅತ್ತಳು.

"ದನಿ ಹ್ವಾದ ಮ್ಯಾಲ ಉಳದಾಂವ ಯಾರು?"

ಅದು ಗೋಡೆ ದಾಟಿ ನಮಗೂ ಕೇಳಿಸಿತು. ಅವ್ವ ಒಲೆಯ ಮುಂದೆ ಹಾಗೇ ಕುಳಿತುಬಿಟ್ಟಳು. ಶ್ರಾವಣ ಹೋಯಿತು, ಗಣಪತಿಯೂ ಹೋದ. ತಿಳಿಯಾದ ದಿನ ಮಾತ್ರ ಬರಲಿಲ್ಲ. ಕಡೆಗೆ ಅಮಾವಾಸ್ಯೆ ಹತ್ತಿರ ಬಂದಾಗ ಕೇಬಲ್ ಆಫೀಸಿಗೆ ಹೋಗಿ ಹೊಸ ಜಾಹೀರಾತು ಹೇಳಿ ಬಂದರು. ಬರುವಾಗ ಬಾಯಿಗೆ ಒತ್ತಿಕೊಂಡಿದ್ದ ಟವೆಲ್ಲಿನ ಮೇಲೆ ಕೆಂಪು ಕಲೆ. ಎಲಿ ಅಡಿಕಿದು ಎಂದು ಕೈಸನ್ನೆ ಮಾಡಿದರು. ಅವತ್ತು ಅವರು ಎಲಿ ಅಡಿಕಿ ಮುಟ್ಟಿರಲಿಲ್ಲ ಎಂದು ಕಾಕಿ ಆಮೇಲೆ ಹೇಳಿದಳು.

ಅಮಾವಾಸ್ಯೆಯ ಸಂಜೆ ಎಲ್ಲರೂ ನಮ್ಮ ಟಿವಿಯ ಮುಂದೆ ಕುಳಿತೆವು. ಹೊಸ ಕಟ್ಟಡದ ಚಿತ್ರ ಬಂತು, ಕೆಳಗೆ ಹೊಸ ವಿಳಾಸ. "ಬಂತು ಬಂತು ಹಬ್ಬ ಬಂತು!" ದನಿ ಗಂಟೆ ಬಾರಿಸಿದಂತೆ ಖಣಖಣ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾಕಾನ ಮುಖ ಮಾತ್ರ ಬೂದಿಯಾಗಿತ್ತು.

"ಇದು ಹಳೇದು," ಎಂದರು. ಉಸಿರೇ ಮಾತಾಗಿ ಹೊರಬಂತು. "ನಾ ಹೇಳಿದ್ದು ಹಾಕಿಲ್ಲ."

ಸಾಹುಕಾರ ಹಳೆಯ ದನಿಯನ್ನೇ ಇಟ್ಟು, ವಿಳಾಸವನ್ನು ಅಕ್ಷರದಲ್ಲಿ ಬರೆಸಿಬಿಟ್ಟಿದ್ದ. ಇಷ್ಟು ದಿನ ಕಾದದ್ದು ಯಾವ ಸುಖಕ್ಕೆ... ಆಸ್ಪತ್ರೆಗೆ ಹೋದಾಗ, ಕಾಲ ಮೀರಿದೆ ಎಂದು ಡಾಕ್ಟರು ಕತ್ತಿ ಎತ್ತಲಿಲ್ಲ. ಯುಗಾದಿಯ ಬೇವು ತಿನ್ನಲು ಕಾಕಾ ಇರಲಿಲ್ಲ. ನನಗೆ ಆ ಸಾಹುಕಾರನ ಮೇಲೆ ಇವತ್ತಿಗೂ ಸಿಟ್ಟಿದೆ. ಕಾಕಾನ ಮೇಲೂ ಇದೆ.

ಮುಂದಿನ ಅಮಾವಾಸ್ಯೆಗೆ ಕಾಕಿ ಹಿರಿಯರ ಸಾಲಿನಲ್ಲಿ ಗಂಡನಿಗೂ ಎಡೆ ಇಟ್ಟಳು. ಹೊಸ ಧೋತರ, ಹೋಳಿಗೆ, ಕರಿಗಡಬು. ಅವಳು ಕೈ ಮುಗಿದು ನಿಂತಿರುವಾಗಲೇ ನಮ್ಮ ಮನೆಯ ಟಿವಿ ಕೂಗಿತು. ಆಚೆ ಮನೆಯದೂ ಕೂಗಿತು. ಓಣಿಯ ತುಂಬ ಅದೇ ದನಿ. ಮನಿಮಂದಿ ಎಲ್ಲಾರೂ ಬರ್ರಿ, ಯಾರನ್ನೂ ಬಿಟ್ಟು ಬರಬ್ಯಾಡ್ರಿ. ಅವ್ವ ಓಡಿ ಹೋಗಿ ಟಿವಿ ಆರಿಸಿದಳು, ಆದರೆ ಒಂದು ಮನೆಯದು ಆರಿಸಿದರೆ ಊರಿನದು ಆರುತ್ತದೆಯೇ? ಕಾಕಿ ಹೊರಗೆ ಬಂದಳು. ಕಿವಿ ಎರಡೂ ಮುಚ್ಚಿಕೊಂಡಿದ್ದಳು.

"ನನ್ನ ಕರೀಯಾಕತ್ತಾರ್ರಿ ಅಣ್ಣಾರ," ಎಂದು ಅಪ್ಪನಿಗೆ ಹೇಳಿದಳು.

ಅಂಗಡಿಗೆ ಹೋಗಿ ನಿಲ್ಲಿಸಲು ಹೇಳುತ್ತೇನೆ ಎಂದು ಅಪ್ಪ ಹೊರಟ. ಅವಳು ಬೇಡವೆಂದಳು. ಅದಕ್ಕಾಗಿಯೇ ಜೀವ ಬಿಟ್ಟವರು, ಇರಲಿ ಎಂದಳು. ಮರುದಿನ ಬೆಳಿಗ್ಗೆ ಯಲವಿಗಿಯ ತಮ್ಮನ ಮನೆಗೆ ಹೋದಳು, ಆ ಕೇಬಲ್ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅಮಾವಾಸ್ಯೆಯ ಮುಂಜಾನೆಯೇ ಗಂಟು ಕಟ್ಟುವುದು, ಎಡೆಯನ್ನೂ ಅಲ್ಲೇ ಇಡುವುದು, ದೀಪಾವಳಿ ಮುಗಿದ ಮೇಲೆ ಬರುವುದು. ರಂಜಾನಿಗೂ ಹಾಗೇ. ಓಣಿಯಲ್ಲೆಲ್ಲ ಹಣತೆ ಹಚ್ಚಿದಾಗ ಅವಳ ಮನೆಯೊಂದು ಕತ್ತಲೆ.

ಈ ವರ್ಷ ಮೊಣಕಾಲು ನೋವೆಂದು ಅವಳು ಹೋಗಲಿಲ್ಲ. ಅಮಾವಾಸ್ಯೆಯ ಸಂಜೆ ನಮ್ಮಲ್ಲಿಗೆ ಬಂದು, ಸೆರಗನ್ನು ಕೈಯಲ್ಲಿ ಬಿಗಿ ಹಿಡಿದು, ಟಿವಿಯ ಎದುರು ಕುಳಿತಳು. ಏನೇನೋ ಬಂತು. ಅದು ಬರಲಿಲ್ಲ.

"ಯಾಕವ್ವಾ, ಇನ್ನೂ ಬರಲಿಲ್ಲ?" ಎಂದಳು.

ಅದು ನಿಂತು ಎಷ್ಟೋ ವರ್ಷಗಳಾಗಿದ್ದವು. ಸಾಹುಕಾರ ಸತ್ತ, ಕೇಬಲ್ ಹೋಗಿ ಡಿಶ್ ಬಂತು. ಅವಳಿಗೆ ಯಾರೂ ಹೇಳಿರಲಿಲ್ಲ, ಅವಳ ಮುಂದೆ ಆ ಮಾತು ತೆಗೆಯಲು ಎಲ್ಲರಿಗೂ ಅಂಜಿಕೆ. ಇಲ್ಲದ ದನಿಗೆ ಹೆದರಿ ಅವಳು ಇಷ್ಟು ವರ್ಷ ಊರು ಬಿಟ್ಟಿದ್ದಳು. ಹೇಳಿದೆ. ಅವಳ ಎದುರೇ ಹಳೆಯ ಕೇಬಲ್ಲಿನವನಿಗೆ ಫೋನನ್ನೂ ಮಾಡಿದೆ. ಆಫೀಸು ಮುಚ್ಚಿದಾಗ ಎಲ್ಲ ಗುಜರಿಗೆ ಹಾಕಿದೆ ಎಂದ.

ಕಾಕಿ ಬಿಗಿ ಹಿಡಿದಿದ್ದ ಸೆರಗನ್ನು ಬಿಟ್ಟಳು. ಆಮೇಲೆ, "ನಿನಗರ ನೆನಪೈತೇನು? ಅವರ ಹಂಗ ಒಮ್ಮಿ ಅನ್ನು ನೋಡೂಣು," ಎಂದಳು.

ಒಂದು ಶಬ್ದವನ್ನೂ ಮರೆತಿರಲಿಲ್ಲ. ದನಿ ಎತ್ತಿ ಪೂರಾ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು, ಕೇಳಿ ತಲೆ ಅಲ್ಲಾಡಿಸಿದಳು.

"ಹಂಗಲ್ಲವ್ವಾ... ಹಂಗಲ್ಲ," ಎಂದು ಗೋಡೆ ಹಿಡಿದು ಎದ್ದು ಮನೆಗೆ ಹೋದಳು.