ಗಂಟೆ ಹೊಡೆದ ಮೇಲಿನ ಇಪ್ಪತ್ತೈದು ನಿಮಿಷ

ಹಳೆಯ ಶಾಲೆಯಲ್ಲಿ ಮಕ್ಕಳು ಗಣಿತದ ಮೇಡಂಗೆ ಇಟ್ಟಿದ್ದ ಹೆಸರು ‘ಇನ್ನೊಂದ್ಸಲ ಮೇಡಂ’. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ, ಹೊಡೆಯುವುದಂತೂ ದೂರದ ಮಾತು. ‘ಇನ್ನೊಂದ್ಸಲ ಮಾಡು’ ಎಂದು ಪಕ್ಕದಲ್ಲೇ ಕೂತುಬಿಡುತ್ತಿದ್ದರು. ಕೊನೆಯ ಗಂಟೆ ಹೊಡೆದು ಶಾಲೆಯೆಲ್ಲ ಖಾಲಿಯಾದರೂ ಅವರ ಕೋಣೆಯಲ್ಲಿ ಒಂದಿಬ್ಬರು ಮಕ್ಕಳು ಇದ್ದೇ ಇರುತ್ತಿದ್ದರು. ತಾಯಂದಿರು ಹೊರಗೆ ಮೆಟ್ಟಿಲ ಮೇಲೆ ಕೂತು ಹರಟುತ್ತ ಕಾಯುತ್ತಿದ್ದರು. ಯಾವತ್ತಾದರೂ ಬೇಗ ಬಿಟ್ಟರೆ, “ಏನ್ ಮೇಡಂ, ನಮ್ಮ ಹುಡುಗಿ ಮೇಲೆ ಕೋಪಾನಾ?” ಎಂದು ಕೇಳುವವರೂ ಇದ್ದರು. ಬಿಟ್ಟಿ ಪಾಠ ಯಾರಿಗೆ ಬೇಡ!

ಮಕ್ಕಳ ಸಂಖ್ಯೆ ಇಳಿದು ಆ ಶಾಲೆ ಮುಚ್ಚಿತು. ಗಂಡ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು, ಮಗಳಿಗೆ ಹತ್ತು ತುಂಬಿತ್ತು. ಪರದೇಶದ ಶಾಲೆಯೊಂದಕ್ಕೆ ಗಣಿತದ ಶಿಕ್ಷಕಿ ಬೇಕೆಂದು ತಿಳಿದಾಗ ಮೇಡಂ ಹಿಂದೆ ಮುಂದೆ ನೋಡದೆ ಅರ್ಜಿ ಹಾಕಿದರು. ಕೆಲಸ ಸಿಕ್ಕಿತು. ಆದರೆ ಕರಾರಿನಲ್ಲಿ ಒಂದು ಮುಳ್ಳಿತ್ತು: ಮೊದಲ ಆರು ತಿಂಗಳು ಪರೀಕ್ಷಾ ಅವಧಿ, ಕೆಲಸ ಕಾಯಂ ಆದ ಮೇಲಷ್ಟೇ ಮಗುವನ್ನು ಕರೆಸಿಕೊಳ್ಳಬಹುದು. ಹಾಗಾಗಿ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟರು.

“ಆರೇ ತಿಂಗಳು ಪುಟ್ಟಿ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗೋಗತ್ತೆ,” ಎಂದಿದ್ದರು.

ಪುಟ್ಟಿ ನಂಬಿದಳು. ಎಷ್ಟು ನಂಬಿದಳೆಂದರೆ, ಐದನೇ ತಿಂಗಳಿಗೇ ತನ್ನ ಸೈಕಲ್ಲನ್ನು ಗೆಳತಿಗೆ ಕೊಟ್ಟುಬಿಟ್ಟಳು. ಫೋನಿನಲ್ಲಿ ಓದು ಹೇಗೆ ನಡೆದಿದೆ ಎಂದು ಕೇಳಿದರೆ, “ಎಲ್ಲಾ ಚೆನ್ನಾಗಿದೆಯಮ್ಮಾ” ಎಂಬ ಒಂದೇ ಉತ್ತರ. ಮೇಡಂ ಕೂಡ ಅದನ್ನು ನಂಬಿದರು.

ಹೊಸ ಶಾಲೆಯಲ್ಲಿ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮೊದಲ ದಿನವೇ ಅರವತ್ತೆರಡು ಪುಟಗಳ ನಿಯಮದ ಪುಸ್ತಕ ಕೈಗಿಟ್ಟು, ಕೊನೆಯ ಪುಟದಲ್ಲಿ ‘ಓದಿ ತಿಳಿದುಕೊಂಡಿದ್ದೇನೆ’ ಎಂಬಲ್ಲಿ ಸಹಿ ಕೇಳಿದರು. ಮೇಡಂ ಮಕ್ಕಳನ್ನು ಕರೆಸಿಕೊಳ್ಳುವ ಪುಟವನ್ನು ಮೂರು ಸಲ ಓದಿದರು, ರಜೆಯ ಪುಟವನ್ನು ಒಂದು ಸಲ. ಉಳಿದದ್ದರ ಮೇಲೆ ಕಣ್ಣಾಡಿಸಿ ಸಹಿ ಹಾಕಿದರು. ಹದಿನೆಂಟು ವರ್ಷ ಪಾಠ ಮಾಡಿದವಳಿಗೆ ಇವರೇನು ಹೇಳಿಕೊಡುವುದು ಎಂಬ ಹಮ್ಮೂ ಒಂದು ಚೂರು ಇತ್ತೆನ್ನಿ.

ಅವರ ತರಗತಿಯಲ್ಲಿ ಎರಡು ಜಡೆಯ ಒಬ್ಬ ಹುಡುಗಿಯಿದ್ದಳು. ಕೂಡುವುದು, ಕಳೆಯುವುದು ನೀರು ಕುಡಿದಷ್ಟು ಸುಲಭ. ಭಾಗಾಕಾರ ಬಂತೆಂದರೆ ಮುಖ ಸಣ್ಣಗಾಗುತ್ತಿತ್ತು. ಮೇಲಿನ ಅಂಕಿಯನ್ನು ಕೆಳಗಿಳಿಸುವುದನ್ನೇ ಮರೆಯುತ್ತಿದ್ದಳು. ಇಲ್ಲಿ ಗಂಟೆ ಹೊಡೆದ ಕೂಡಲೇ ಮಕ್ಕಳು ಸಾಲಾಗಿ ಗೇಟಿಗೆ ಹೋಗಬೇಕು, ಅಲ್ಲಿ ಒಬ್ಬೊಬ್ಬರ ಹೆಸರು ಕರೆದು ಮನೆಯವರ ಕೈಗೊಪ್ಪಿಸುತ್ತಾರೆ. ಐದು ತಿಂಗಳು ಮೇಡಂ ಕೈಕಟ್ಟಿಕೊಂಡು ಇದನ್ನೆಲ್ಲ ನೋಡಿದರು.

ಆ ಗುರುವಾರ ಹುಡುಗಿ ಎರಡು ಲೆಕ್ಕ ತಾನಾಗಿಯೇ ಸರಿ ಮಾಡಿದಳು. ಮೂರನೆಯದರಲ್ಲಿ ಸಿಕ್ಕಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಾಗ ಗಂಟೆ ಹೊಡೆಯಿತು. ಹುಟ್ಟುಗುಣ ಸುಟ್ಟರೂ ಹೋಗದು. “ನೀನು ಕೂತ್ಕೊ. ಇನ್ನೊಂದ್ಸಲ,” ಎಂದು ಮೇಡಂ ಉಳಿದವರನ್ನು ಕಳಿಸಿ, ಗಲಾಟೆ ಕೇಳದಿರಲೆಂದು ಬಾಗಿಲು ಮುಚ್ಚಿದರು. ಫೋನು ಸದ್ದಿಲ್ಲದೆ ಚೀಲದಲ್ಲಿತ್ತು.

ಗೇಟಿನಲ್ಲಿ ಹುಡುಗಿಯ ಹೆಸರು ಕರೆದರು. ಹುಡುಗಿ ಇಲ್ಲ. ಶೌಚಾಲಯ, ಆಟದ ಮೈದಾನ, ಗ್ರಂಥಾಲಯ ಎಲ್ಲ ಹುಡುಕಿದರು. ಗೇಟು ಮುಚ್ಚಿಸಿ ಪೊಲೀಸರಿಗೆ ಫೋನ್ ಮಾಡಿದರು. ಯಾರೋ ಗಣಿತದ ಕೋಣೆಯ ಬಾಗಿಲು ತೆರೆದಾಗ, ಗಂಟೆ ಹೊಡೆದು ಇಪ್ಪತ್ತೈದು ನಿಮಿಷವಾಗಿತ್ತು. ಹುಡುಗಿ ನಗುತ್ತ ಐದನೇ ಲೆಕ್ಕ ಮಾಡುತ್ತಿದ್ದಳು. ಹಿಂದೆಯೇ ಓಡಿಬಂದ ತಾಯಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಗಳನ್ನು ಬಾಚಿ ತಬ್ಬಿಕೊಂಡು ಆಕೆ ಗಳಗಳನೆ ಅತ್ತಳು. ಪುಟ್ಟಿ ಹೀಗೆ ಇಪ್ಪತ್ತೈದು ನಿಮಿಷ ಕಾಣದೆ ಹೋಗಿದ್ದರೆ? ತಪ್ಪು ತನ್ನದೇ ಎಂದು ಆಗಲೇ ಮೇಡಂಗೆ ಅನ್ನಿಸಿಬಿಟ್ಟಿತ್ತು.

ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದ ಅದೇ ಶಾಲೆಯ ವಿಜ್ಞಾನದ ಟೀಚರ್ ಅಂದು ಸಂಜೆ ಬುದ್ಧಿ ಹೇಳಿದಳು. “ನಾಳೆ ಕ್ಷಮೆ ಕೇಳಿ, ಇನ್ಮೇಲೆ ಹೀಗಾಗಲ್ಲ ಅನ್ನಿ. ಅಷ್ಟೇ. ಒಂದು ಮಾತು ಹೆಚ್ಚಿಗೆ ಆಡ್ಬೇಡಿ ಮೇಡಂ, ನಿಮ್ಮ ಪುಟ್ಟಿ ಮೇಲಾಣೆ.”

ಮರುದಿನ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಸಹಿ ಹಾಕಿದ ಆ ಪುಟವಿತ್ತು. ಮೇಡಂ ಕ್ಷಮೆ ಕೇಳಿದರು, ಮನಸ್ಸಿನಿಂದಲೇ ಕೇಳಿದರು. ಅಲ್ಲಿಗೆ ಎಲ್ಲ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ, “ಯಾಕೆ ಹೀಗೆ ಮಾಡಿದಿರಿ?” ಎಂದರು.

“ಅವಳಿಗೆ ಇನ್ನೇನು ಬರೋದರಲ್ಲಿತ್ತು. ಆಗ ಬಿಟ್ಟಿದ್ರೆ ಮತ್ತೆ ಮರೆತುಬಿಡ್ತಿದ್ಲು. ಯಾವ ಟೀಚರ್ ಆದ್ರೂ ಬಿಡ್ತಾ ಇರ್ಲಿಲ್ಲ.”

ಬಾಯಿಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಆಗುತ್ತದೆಯೇ? ಮುಖ್ಯೋಪಾಧ್ಯಾಯಿನಿ ಪೆನ್ನು ಕೆಳಗಿಟ್ಟರು. ಆಮೇಲೆ, “ನಿಮ್ಮ ಪಾಠದ ಬಗ್ಗೆ ನನಗೆ ದೂರಿಲ್ಲ. ಆದರೆ ಈ ನಿಯಮ ಯಾಕಿದೆ ಅನ್ನುವುದು ನಿಮಗೆ ಇನ್ನೂ ಅರ್ಥವಾಗಿಲ್ಲ,” ಎಂದರು. ಸಂಜೆಗೆ ಪತ್ರ ಬಂತು. ಕೆಲಸ ಹೋಗಿರಲಿಲ್ಲ, ಪರೀಕ್ಷಾ ಅವಧಿ ಇನ್ನೊಂದು ವರ್ಷ ಮುಂದಕ್ಕೆ ಹೋಗಿತ್ತು.

ಶನಿವಾರ ಬೆಳಿಗ್ಗೆ ಮೇಡಂ ಫೋನ್ ಹಚ್ಚಿದರು. ಸುಳ್ಳು ಹೇಳಿ ಒಂದೆರಡು ತಿಂಗಳು ತಳ್ಳೋಣ ಎಂದು, ಹಿಂದಿನ ರಾತ್ರಿಯೇ ವಿಷಯ ತಿಳಿದಿದ್ದ ಅಕ್ಕ ಸೂಚಿಸಿದ್ದಳು. ಮೇಡಂಗೆ ಅದು ಆಗಲಿಲ್ಲ. ನಡೆದದ್ದನ್ನೆಲ್ಲ ಒಂದೂ ಬಿಡದೆ ಮಗಳಿಗೆ ಹೇಳಿದರು.

ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

“ಅವಳನ್ನ ಕೂರಿಸ್ಕೊಂಡಿದ್ದಕ್ಕೆ ನಾನು ಬರೋ ಹಾಗಿಲ್ವಾ ಅಮ್ಮಾ?”

“ಹೌದು ಕಂದಾ.”

“ಅವಳಿಗೆ ಭಾಗಾಕಾರ ಬಂತಾ?”

“ಬಂತು.”

ಆ ಕಡೆ ದೂರದಲ್ಲಿ ಅಕ್ಕ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

“ನಂಗೆ ಇನ್ನೂ ಬಂದಿಲ್ಲಮ್ಮಾ,” ಎಂದಳು ಪುಟ್ಟಿ.