ಎಳೆ ಇಟ್ಟ ಪುಸ್ತಕ

ನಮ್ಮ ಟೀಚರಮ್ಮನ ಕನ್ನಡಕದ ಎಡಗಡೆ ಕಡ್ಡಿಗೆ ತಿರುಪು ಇಲ್ಲ. ಅದರ ಜಾಗದಲ್ಲಿ ಕುಂಕುಮ ಬಣ್ಣದ ರೇಷ್ಮೆ ಎಳೆ ಸುತ್ತಿ ಗಂಟು ಹಾಕಿದೆ. ಹಾಕಿದವಳು ನಾನೇ. ತಿರುಪು ಬಿದ್ದುಹೋದ ದಿನ ಮಗ್ಗದ ಪಕ್ಕ ಕೈಗೆ ಸಿಕ್ಕ ಎಳೆ ಅದು. "ಪೇಟೆಗೆ ಹೋದಾಗ ಸರಿ ಮಾಡಿಸ್ಕಳ್ರಿ" ಅಂದಿದ್ದೆ. "ತಿರುಪು ಸಡಿಲ ಆಗ್ತೈತೆ, ನಿನ್ನ ಗಂಟು ಆಗಲ್ಲ" ಅಂದರು. ಎಂಟು ವರ್ಷವಾಯಿತು, ಅದೇ ಗಂಟು. ಈಗ ಅವರು ಬಗ್ಗಿ ನೋಡಿದಾಗೆಲ್ಲ ನನ್ನ ಮೊಮ್ಮಗಳು ಆ ಕೆಂಪನ್ನೇ ದಿಟ್ಟಿಸುತ್ತಾಳೆ.

ಮೊಮ್ಮಗಳಿಗೆ ಇಂದಿಗೆ ಇಪ್ಪತ್ತೆರಡು ದಿನ. ಇದನ್ನು ಬರೆಯುವಾಗ ನನ್ನ ತೊಡೆಯ ಮೇಲೇ ಮಲಗಿದ್ದಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಸಾಲು ಎಲ್ಲಾದರೂ ಸೊಟ್ಟಗಾದರೆ ಅದು ಕೂಸು ಒದ್ದದ್ದು, ನನ್ನ ತಪ್ಪಲ್ಲ. ಮೂಗು ಥೇಟ್ ನನ್ನದು. ಬಂದವರೆಲ್ಲ ಅಪ್ಪನ ಮೂಗು ಅನ್ನುತ್ತಾರೆ, ಅವರಿಗೆ ಕಣ್ಣಿಲ್ಲ.

ನಮ್ಮದು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಯಜಮಾನರು ನೇಯುತ್ತಾರೆ, ನಾನೂ ನನ್ನ ಓರಗಿತ್ತಿಯೂ ಲಾಳಿಯೊಳಗೆ ಕೂರುವ ಕಂಡಿಕೆಗೆ ಎಳೆ ಸುತ್ತುತ್ತೇವೆ. ಟೀಚರಮ್ಮ ಊರಿನ ಶಾಲೆಗೆ ಬಂದವರು, ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಒಂಟಿ ಜೀವ. ಶಾಲೆ ಬಿಟ್ಟ ಮೇಲೆ ಕೈಕಾಲು ತೊಳೆದು, ಒಂದು ಹಿಡಿ ಹುರಿದ ಕಡ್ಲೆಕಾಯಿ ಹಿಡಿದು ನಮ್ಮ ಮಗ್ಗದ ಮನೆಗೆ ಬಂದು ಕೂರುವರು. ಕಂಕುಳಲ್ಲಿ ದಪ್ಪನೆಯ ಪುಸ್ತಕ. ಅದರ ಮೇಲ್ಹೊದಿಕೆ ಹರಿದು ಎಷ್ಟೋ ಕಾಲವಾಗಿ, ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿದ್ದರು. ನೀವು ಕೈಯಿಂದ ದುಡೀರಿ, ನಾನು ಬಾಯಿಂದ ದುಡೀತೀನಿ ಎಂದು ಓದಲು ಶುರು ಮಾಡುವರು.

ಹಿಮ ಬೀಳುವ ಯಾವುದೋ ದೇಶದ ಕಥೆ. ದೊಡ್ಡ ಅಧಿಕಾರಿಯ ಹೆಂಡತಿ. ಮನೆ ತುಂಬ ಆಳುಕಾಳು, ಒಂದು ಮುದ್ದಾದ ಗಂಡುಮಗು, ಆದರೆ ಉಸಿರಾಡಲು ಜಾಗವಿಲ್ಲ. ಆ ಗಂಡ ಹೊಡೆಯುವವನಲ್ಲ, ಬೈಯುವವನಲ್ಲ. ಹೆಂಡತಿಯನ್ನು ಬೀರುವಿನಲ್ಲಿಟ್ಟ ಬೆಳ್ಳಿ ಲೋಟದ ಹಾಗೆ ನೋಡಿಕೊಳ್ಳುವವನು. ಆಮೇಲೆ ಆಕೆಯ ಬದುಕಿಗೆ ಒಬ್ಬ ಚೆಲುವ ಬರುತ್ತಾನೆ. ಆಕೆ ಅವನಿಗಾಗಿ ಮನೆ ಬಿಡುತ್ತಾಳೆ, ಮಗು ಬಿಡುತ್ತಾಳೆ, ಊರ ಬಾಯಿಗೆ ಬೀಳುತ್ತಾಳೆ.

ನಾವು ಸುಮ್ಮನೆ ಕೇಳುವ ಜನವಲ್ಲ. ಓರಗಿತ್ತಿ ರಾಯದುರ್ಗದ ಕಡೆಯವಳು, ಬಾಯಿ ಜೋರು. ಆ ಚೆಲುವ ಆಕೆಯ ಕೈಗೆ ಮುತ್ತಿಟ್ಟ ಕೂಡಲೇ "ಚಾಲು, ಚಾಲು" ಎಂದು ತೆಲುಗಿನಲ್ಲಿ ಸಾಕು ಮಾಡಿಸಿ, "ಮುತ್ತಿರ್ಲಿ, ಬೆಳಿಗ್ಗೆ ನಲ್ಲಿ ನೀರು ಬಂದಾಗ ಏಳ್ತಾನಾ ಕೇಳ್ರಿ" ಅನ್ನುವಳು.

"ಪುಸ್ತಕದಾಗೆ ನಲ್ಲಿ ವಿಷಯ ಇಲ್ಲ ಕಣಮ್ಮ" ಅನ್ನುವರು ಟೀಚರಮ್ಮ.

"ಅದಕ್ಕೇ ಆಕೆ ಮೋಸ ಹೋದ್ಳು."

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಯಜಮಾನರಿಗೆ ಆ ಗಂಡನ ಮೇಲೆ ಮರುಕ. "ಅವ್ನಿಗೊಂದು ಮಗ್ಗ ಕೊಟ್ಟಿದ್ರೆ ಸರಿ ಹೋಗ್ತಿದ್ದ. ಕೈಗೆ ಕೆಲ್ಸ ಇಲ್ದೋನು ಹೆಂಡ್ತಿ ಕಾಯ್ತಾನೆ" ಅನ್ನುವರು.

ಟೀಚರಮ್ಮನ ಎರಡು ಅಭ್ಯಾಸ ಹೇಳಬೇಕು. ಒಂದು, ಪುಟ ತಿರುವುವಾಗ ಬೆರಳನ್ನು ನಾಲಿಗೆಗೆ ಮುಟ್ಟಿಸುವುದು. ಎಷ್ಟು ಬೈದರೂ ಬಿಡಲಿಲ್ಲ. ಇನ್ನೊಂದು, ಆ ದಿನದ ಓದು ಮುಗಿದರೆ ನೆಲದ ಮೇಲೆ ಬಿದ್ದ ತುಂಡು ರೇಷ್ಮೆ ಎಳೆಯನ್ನು ಪುಟದ ನಡುವೆ ಇಟ್ಟು ಮುಚ್ಚುವುದು. ಹಳೆಯ ಎಳೆ ತೆಗೆಯುತ್ತಿರಲಿಲ್ಲ. ಹಾಗಾಗಿ ಪುಸ್ತಕ ತೆರೆದರೆ ಯಾವ ಅಧ್ಯಾಯ ಓದುವಾಗ ಮಗ್ಗದ ಮೇಲೆ ಯಾವ ಸೀರೆ ಇತ್ತು ಎಂದು ನಾನು ಹೇಳಬಲ್ಲೆ. ಆಕೆ ಮನೆ ಬಿಟ್ಟದ್ದು ಅರಿಶಿನ ಸೀರೆಯಲ್ಲಿ. ಮಗುವನ್ನು ಕದ್ದು ನೋಡಲು ಬಂದದ್ದು ಗಿಣಿ ಹಸಿರಿನಲ್ಲಿ.

ಆ ಗಿಣಿ ಹಸಿರಿನ ಹೊತ್ತಿಗೇ ನನ್ನ ಮಗಳು ಗಂಡನ ಮನೆಯಿಂದ ಬಂದಳು. ಅವಳ ಗಂಡನೂ ಹೊಡೆಯುವವನಲ್ಲ. ಆದರೆ ಅವಳು ಕಿಟಕಿ ತೆರೆದರೆ ಎದ್ದು ಬಂದು ಮುಚ್ಚುವನು. ನಕ್ಕರೆ ಯಾಕೆ ನಕ್ಕೆ ಎಂದು ಕೇಳುವನು, ಹೇಳುವ ತನಕ ಬಿಡನು. ಎರಡು ವರ್ಷದಲ್ಲಿ ನನ್ನ ಮಾತಿನಮಲ್ಲಿ ನಗುವುದನ್ನೇ ಬಿಟ್ಟಿದ್ದಳು. ಭಾನುವಾರ ಅವನ ಕಡೆಯ ಹಿರಿಯರು ಕರೆದುಕೊಂಡು ಹೋಗಲು ಬರುವವರಿದ್ದರು. ಕಳಿಸುವುದೋ ಬಿಡುವುದೋ ನಮಗೆ ತಿಳಿಯದು. ಅವಳನ್ನು ಕೇಳಿದರೆ ಗೋಡೆ ನೋಡುವಳು. ಅನ್ನ ಮುಟ್ಟುತ್ತಿರಲಿಲ್ಲ. ಏನೇನೋ ಭಯಕ್ಕೆ ನಾನು ಅವಳನ್ನು ಒಂಟಿಯಾಗಿ ಬಿಡುತ್ತಲೇ ಇರಲಿಲ್ಲ.

ಆ ವಾರವೇ ಮಗ್ಗದ ಮೇಲಿನ ಹಸಿರು ಹಾಸು, ಅಂದರೆ ಸೀರೆಯ ಉದ್ದೆಳೆಗಳು, ಮುಗಿದು ನವಿಲು ಬಣ್ಣದ ಹಾಸು ಬಂತು. ನಮ್ಮಲ್ಲಿ ಹಾಸು ಮುಗಿದರೆ ಹಳೆಯದನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಅದರ ತುದಿಯನ್ನು ಮಗ್ಗದಲ್ಲೇ ಉಳಿಸಿ, ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ. ನಾನು ಹೊಸೆಯಲು ಕೂತೆ, ಮಗಳನ್ನು ಎದುರಿಗೆ ಕೂರಿಸಿಕೊಂಡೆ. ಟೀಚರಮ್ಮ ಓದುತ್ತಿದ್ದರು. ಕಥೆಯಲ್ಲಿ ಆ ಚೆಲುವನ ಪ್ರೀತಿ ತಣ್ಣಗಾಗಿತ್ತು. ಆಕೆ ಒಬ್ಬಳೇ ಹೊಳೆಯ ಸೇತುವೆಯ ಮೇಲೆ ಬಂದು ನಿಂತಿದ್ದಳು.

ಮಗಳು ತಲೆ ಎತ್ತದೆ ಕೇಳಿದಳು. "ಟೀಚರಮ್ಮ, ಮನೆ ಬಿಟ್ಟು ಬಂದೋಳಿಗೆ ಕೊನೀಗೆ ಏನಾಗ್ತೈತೆ?"

ಯಜಮಾನರು ಒರೆಸುತ್ತಿದ್ದ ಲಾಳಿ ಕೆಳಗಿಟ್ಟರು. ಟೀಚರಮ್ಮ ಅವಳನ್ನೇ ನೋಡಿದರು, ಕನ್ನಡಕ ಸರಿ ಮಾಡಿಕೊಂಡರು, "ಕೇಳು" ಎಂದು ಓದಲು ಶುರು ಮಾಡಿದರು.

ಸೇತುವೆ ಕಾಯುವ ಮುದುಕಿಯೊಬ್ಬಳು ಗುಡಿಸಲಿನಿಂದ ಹೊರಗೆ ಬಂದಳಂತೆ. "ಏನವ್ವ, ಉಂಡೆಯಾ?" ಎಂದು ಕೇಳಿದಳಂತೆ. ಇಲ್ಲ ಅಂದಾಗ ಒಳಗೆ ಕರೆದು, ಒಲೆಯ ಮುಂದೆ ಕೂರಿಸಿ, ಬಿಸಿ ಮುದ್ದೆ ಮುರಿದು, ಕಡ್ಲೆಕಾಯಿ ಚಟ್ನಿ ಹಾಕಿ ಕೊಟ್ಟಳಂತೆ. ಆಕೆ ಉಂಡಳು, ಉಣ್ಣುತ್ತಾ ಅತ್ತಳು, ಅಳುತ್ತಾ ಇನ್ನೊಂದು ಮುದ್ದೆ ಕೇಳಿದಳು. ಬೆಳಗಾದ ಮೇಲೆ ಹೋಗಿ ತನ್ನ ಮಗುವನ್ನು ಎತ್ತಿಕೊಂಡಳು, ಯಾರಿಗೂ ಕೈ ಚಾಚದೆ ಬದುಕಿದಳು.

ಯಜಮಾನರಿಗೆ ಒಂದು ಅನುಮಾನ ಬಂತು. "ಟೀಚರಮ್ಮ, ಹಿಮ ಬೀಳೋ ದೇಶದಾಗೆ ರಾಗಿ ಬೆಳೀತಾರಾ?"

"ಬೆಳೀತಾರೆ. ನಿಮ್ಮ ಕೆಲ್ಸ ನೀವು ನೋಡ್ರಿ."

ಅಷ್ಟು ಹೊತ್ತು ಓದಿದರೂ ಟೀಚರಮ್ಮ ಬೆರಳನ್ನು ನಾಲಿಗೆಗೆ ಒಮ್ಮೆಯೂ ಮುಟ್ಟಿಸಲಿಲ್ಲ. ನಾನು ಕಂಡೆ. ಅಂತೂ ಬುದ್ಧಿ ಬಂತಲ್ಲ ಅಂದುಕೊಂಡು ಸುಮ್ಮನಾದೆ. ಅವರು ನವಿಲು ಬಣ್ಣದ ಎಳೆಯೊಂದನ್ನು ಇಟ್ಟು ಪುಸ್ತಕ ಮುಚ್ಚಿದರು. ಮಗಳು ಎದ್ದು ಬಂದು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ನನ್ನ ಪಕ್ಕ ಕೂತು ಎಳೆ ಹೊಸೆಯತೊಡಗಿದಳು. ಅಂದು ಎರಡು ಮುದ್ದೆ ಉಂಡಳು. ಭಾನುವಾರ ಬಂದ ಹಿರಿಯರಿಗೆ ತಾನೇ ನೀರು ಕೊಟ್ಟು, "ನಾನು ಬರಲ್ಲ. ಕೂತ್ಕಳ್ರಿ, ಊಟ ಮಾಡ್ಕೊಂಡು ಹೋಗ್ರಿ" ಅಂದಳು.

ಆಮೇಲಿನದು ಬೇಗ ಹೇಳುತ್ತೇನೆ. ಸಂಬಂಧ ಬಿಡುಗಡೆಯಾಯಿತು. ಮಗಳು ಮಗ್ಗ ಹಿಡಿದಳು. ಮೂರು ವರ್ಷದ ಹಿಂದೆ ಬಿ.ಜಿ. ಕೆರೆಯ ಪಂಪ್‌ಸೆಟ್ ರಿಪೇರಿಯವನನ್ನು ತಾನೇ ಮೆಚ್ಚಿ ಮದುವೆಯಾದಳು. ಅವನದು ಎಂಥ ಬಾಯಿ ಎಂದರೆ ಮೋಟಾರಿನ ಜೊತೆಗೂ ಮಾತಾಡುತ್ತಾನೆ. "ಅವ್ವ, ಇವನ ಬಾಯಿಗೊಂದು ಸ್ವಿಚ್ ಇಲ್ಲ" ಎಂದು ಮಗಳು ದೂರುವುದನ್ನು ಕೇಳುವುದೇ ನನಗೊಂದು ಹಬ್ಬ. ಅವರ ಮನೆಯ ಕಿಟಕಿಗಳೆಲ್ಲ ತೆರೆದೇ ಇರುತ್ತವೆ, ಸೊಳ್ಳೆ ಕಾಟ ಬೇರೆ ಮಾತು.

ಟೀಚರಮ್ಮ ನಿವೃತ್ತರಾಗಿ ಚಳ್ಳಕೆರೆಯ ತಮ್ಮ ಮನೆ ಸೇರಿದ್ದರು. ಮಗಳಿಗೆ ಚಳ್ಳಕೆರೆಯ ಆಸ್ಪತ್ರೆಯಲ್ಲೇ ಹೆರಿಗೆ ಆದಾಗ ಹಟ ಹಿಡಿದರು. "ಹಸಿ ಬಾಣಂತಿನ ಬಸ್ಸಿನಾಗೆ ಕುಲುಕಿಸ್ಬೇಡ. ಬಾಣಂತನ ನನ್ನ ಮನೆಯಾಗೇ ಆಗ್ಲಿ." ಹಾಗೆ ನಾನೂ ಮಗಳೂ ಕೂಸೂ ಇಲ್ಲಿದ್ದೇವೆ. ಅವರಿಗೆ ಈಗ ಕಣ್ಣು ಮಂಜು. ಕನ್ನಡಕ ಮೂಗಿನ ಮೇಲಿರುವುದು ಅಭ್ಯಾಸಕ್ಕೆ. ಕೂಸು ಮಲಗಿದ ಮಧ್ಯಾಹ್ನ ಅದೇ ಪುಸ್ತಕ ತಂದು ನನ್ನ ಮುಂದಿಟ್ಟರು.

"ಓದು."

"ನಂದು ಮೂರನೇ ಕ್ಲಾಸು, ಟೀಚರಮ್ಮ."

"ನಿಧಾನಕ್ಕೆ ಓದು. ನಂಗೇನು ಬಸ್ಸು ತಪ್ಪಲ್ಲ."

ಕೊನೆಯ ಭಾಗದಿಂದ ಶುರು ಮಾಡಿ, ದಿನಕ್ಕೆ ಎರಡು ಮೂರು ಪುಟ, ಬೆರಳಿಟ್ಟು ಓದಿದೆ. ಎಳೆಗಳು ಬಣ್ಣ ಮಾಸದೆ ಅಲ್ಲೇ ಇದ್ದವು. ನಿನ್ನೆ ನವಿಲು ಬಣ್ಣದ ಎಳೆ ಬಂತು. ಆಕೆ ಸೇತುವೆಯ ಮೇಲೆ ನಿಂತಿದ್ದಳು. ಇಲ್ಲಿಗೆ ಮುಗಿಯಬೇಕಲ್ಲ ಎಂದು ನೋಡಿದರೆ ಇನ್ನೂ ಆರು ಪುಟ. ಮುದುಕಿ ಎಲ್ಲಿ ಎಂದು ಹುಡುಕುತ್ತಾ ಓದಿದೆ. ಮುದುಕಿ ಇಲ್ಲ, ಗುಡಿಸಲು ಇಲ್ಲ. ಆಕೆಯನ್ನು ಯಾರೂ ಕರೆಯಲಿಲ್ಲ. ಹೊಳೆ ಆಕೆಯನ್ನು ತೆಗೆದುಕೊಂಡಿತು.

ನಾನು ಟೀಚರಮ್ಮನ ಕಡೆ ನೋಡಿದೆ. ಟೀಚರಮ್ಮ ಮೆಲ್ಲಗೆ ಅಂದರು. "ಪುಸ್ತಕದಾಗೆ ಹಂಗೇ ಐತೆ. ನಾನು ಆವತ್ತು ಓದ್ಲಿಲ್ಲ. ನಿನ್ನ ಮಗಳ ಮುಖ ನೋಡಿ, ಬಾಯಿಗೆ ಬಂದದ್ದು ಹೇಳ್ದೆ."

ಆಗ ನೋಡಿದೆ. ಆ ಸಾವಿನ ಪುಟದಲ್ಲಿ ಗಿಣಿ ಹಸಿರಿನ ಒಂದು ಎಳೆ ಇತ್ತು. ನವಿಲು ಬಣ್ಣಕ್ಕಿಂತ ಮುಂಚೆ ನೇಯ್ದ ಬಣ್ಣ, ಅದಕ್ಕಿಂತ ಮುಂದಿನ ಪುಟದಲ್ಲಿ. "ಇದ್ಯಾರು ಇಟ್ಟಿದ್ದು, ಟೀಚರಮ್ಮ?"

"ಅದು ನಂದಲ್ಲ" ಅಂದರು, ಅವರಿಗೂ ಆಶ್ಚರ್ಯ.

"ನಂದು" ಎಂದು ಒಳಗಿನಿಂದ ಮಗಳ ದನಿ ಬಂತು. ಬಾಣಂತಿ ಕೋಣೆಯ ಪರದೆ ಸರಿಸಿ ಕೂಸನ್ನು ಹಿಡಿದು ನಿಂತಿದ್ದಳು. "ಗಂಡನ ಮನೆಯಿಂದ ಬಂದ ವಾರವೇ, ನೀನು ನಿದ್ದೆ ಹೋದ ರಾತ್ರಿ, ಟೀಚರಮ್ಮ ಮಗ್ಗದ ಮನೆಯಾಗೆ ಬಿಟ್ಟಿದ್ದ ಪುಸ್ತಕ ತಗೊಂಡು ಕೊನೆ ಓದಿದ್ದೆ. ಆಕೆ ದಾರಿನೇ ನನ್ನ ದಾರಿ ಅಂತ ಗುರುತಿಟ್ಟಿದ್ದೆ, ಅವ್ವ. ಆವತ್ತು ಟೀಚರಮ್ಮ ಏನು ಓದ್ತಾರೋ ನೋಡಾಣ ಅಂತ್ಲೇ ಕೇಳಿದ್ದು. ಮುದ್ದೆ ಬಂತು. ಹಿಮದ ದೇಶದಾಗೆ ಮುದ್ದೆ. ನಂಗೋಸ್ಕರ ಒಬ್ರು ಇಷ್ಟು ದೊಡ್ಡ ಸುಳ್ಳು ಹೇಳ್ತಾ ಇದಾರೆ ಅಂತ ಗೊತ್ತಾತು. ಹಸಿವಾಗಾಕೆ ಶುರುವಾತು."

ನನ್ನ ಪಕ್ಕದಲ್ಲೇ ಕೂತು ಎಳೆ ಹೊಸೆದವಳು ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತಿದ್ದಳು. ನಾನು ಹೋಗಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡೆ. ಕೂಸು ಎದ್ದು ಕಿರುಚಿತು. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

"ನಾನೂ ಒಂದು ಸೇತುವೆ ಮೇಲೆ ನಿಂತಿದ್ದೋಳೇ" ಅಂದರು. "ನಿಮ್ಮೂರಿಗೆ ಬರೋಕ್ ಮುಂಚೆ. ನಂಗೆ ಯಾವ ಮುದುಕಿನೂ ಬರ್ಲಿಲ್ಲ. ನಾನೇ ವಾಪಸ್ ಬಂದು ಒಲೆ ಹಚ್ಚಿದೆ." ಅಷ್ಟೇ. ಕನ್ನಡಕ ಮತ್ತೆ ಮೂಗಿಗೇರಿಸಿದರು.

ಇವರ ಋಣ ನಾನು ಯಾವುದರಿಂದ ತೀರಿಸಲಿ? ನನ್ನ ತೊಡೆಯ ಮೇಲೆ ಮಲಗಿರುವ ಈ ಮೂಗು, ಈ ಬೆರಳು, ಈ ಇಪ್ಪತ್ತೆರಡು ದಿನ ಎಲ್ಲವೂ ಅವರ ಆ ಒಂದು ಸುಳ್ಳಿನಿಂದ ಬಂದದ್ದು. ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಇತ್ತು. ಇಂದು ಬೆಳಿಗ್ಗೆ ಟೀಚರಮ್ಮನ ಪೆನ್ನು ತೆಗೆದುಕೊಂಡು, ಅವರು ಅಂದು ಓದಿದ ಕೊನೆಯನ್ನು ಅದರಲ್ಲಿ ಬರೆದೆ. ನಾಳೆ ಮೊಮ್ಮಗಳು ಓದಲು ಕಲಿತಾಗ ಅವಳಿಗೆ ಅದೂ ಸಿಗಬೇಕು. ಬರೆದು ಟೀಚರಮ್ಮನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಚಟ್ನಿ ಬಿಟ್ಟೆ ನೋಡು" ಅಂದರು.

ಹೌದು, ಬಿಟ್ಟಿದ್ದೆ. ಮುದ್ದೆಯ ಪಕ್ಕದಲ್ಲಿ ಒತ್ತೊತ್ತಾಗಿ ಕಡ್ಲೆಕಾಯಿ ಚಟ್ನಿ ಬರೆದೆ. ಆಮೇಲೆ ಕೂಸಿನ ಸ್ವೆಟರಿನಿಂದ ಒಂದು ಎಳೆ ಕಿತ್ತು ಆ ಪುಟದಲ್ಲಿಟ್ಟು ಮುಚ್ಚಿದೆ.